ಇನ್ನೊಂದು ಮೊಳ

"ಒಂದೇ ಸಾಲು ಮೇಡಂ. ಓದುಗ ಪುಸ್ತಕದ ಹಿಂಬದಿ ತಿರುಗಿಸಿ ಓದಿದರೆ ಕೆಳಗಿಡಬಾರದು, ಅಂಥ ಸಾಲು ಹೇಳಿ" ಎಂದರು ಪ್ರಕಾಶಕರು.

ಭುವನೇಶ್ವರಿ ಫೋನಿನ ಸ್ಪೀಕರ್ ಹಾಕಿಕೊಂಡು ಮಗ್ಗದ ಸದ್ದನ್ನು ಮೀರಿಸಿ ಕೂಗಿದಳು. "ಗಜೇಂದ್ರಗಡದ ನೇಕಾರರ ಓಣಿ ಸರ್, ಮೂರು ತಲೆಮಾರಿನ ಬದುಕು!" ನೇಕಾರರ ಮನೆಯವರಿಗೆ ಮೆಲ್ಲಗೆ ಮಾತಾಡಿ ಗೊತ್ತೇ ಇಲ್ಲ. ಹುಟ್ಟಿದಾಗಿನಿಂದ ಮಗ್ಗದ ಜೊತೆ ಜಿದ್ದಿಗೆ ಬಿದ್ದ ಗಂಟಲು. ಒಳಗೆ ಸೀರೆ ನೇಯುತ್ತಿದ್ದವಳು ಅವಳ ಸೋದರತ್ತೆ ವೀರವ್ವ. ತಾನು ಮದುವೆಯಾಗದೆ ಅಣ್ಣನ ಮಗಳನ್ನು ಓದಿಸಿದವಳು.

"ತಲೆಮಾರುಗಳನ್ನು ಯಾರು ಕೊಳ್ತಾರೆ? ಒಬ್ಬಳು ಹೆಣ್ಣು, ಅವಳಿಗೊಂದು ಆಸೆ, ಅದಕ್ಕೊಂದು ಅಡ್ಡಿ. ಇದ್ದರೆ ಹೇಳಿ, ಇಲ್ಲದಿದ್ದರೆ ಬಿಟ್ಟುಬಿಡೋಣ."

ಬಿಟ್ಟುಬಿಡೋಣ ಎಂದರೆ ಹೇಗೆ? ವರ್ಷಗಟ್ಟಲೆ ಬರೆದ ಕಾದಂಬರಿ. ಉಳಿದ ಪ್ರಕಾಶಕರೆಲ್ಲ ಆಗಲೇ ಕೈಚೆಲ್ಲಿದ್ದರು. ಆಗ ನೆನಪಾದವನು ರೋಣದ ಸೀರೆ ವ್ಯಾಪಾರಿ ಗೌಸುಸಾಬ. ಆತ ಬಂದಾಗಲೆಲ್ಲ "ಸೀರಿ ಆತೇನ್ರಿ ವೀರವ್ವಾರ?" ಎನ್ನುವುದು, ಅತ್ತೆ "ಇನ್ನೊಂದ ಮಳ ಐತ್ರಿ" ಎನ್ನುವುದು. ನೇಯ್ದದ್ದು ಮಗ್ಗದ ದಿಂಡಿಗೆ ಸುತ್ತಿಕೊಂಡೇ ಹೋಗುತ್ತದೆ, ಎಷ್ಟು ಉಳಿದಿದೆ ಎಂದು ಯಾರು ನೋಡಿದವರು? ಒಂದು ದಿನ ತಡವಾದರೂ ಬೇರೆ ನೇಕಾರರ ಮೇಲೆ ಹರಿಹಾಯುವ ಆಸಾಮಿ, ಇಲ್ಲಿ ಮಾತ್ರ ಚಹಾ ಕುಡಿದು "ಇರಲಿ ಬಿಡ್ರಿ, ಮತ್ತ ಬರ್ತೀನಿ" ಎಂದು ನಗುತ್ತಾ ಹೋಗುತ್ತಿದ್ದ. ಈಗ ಇಬ್ಬರ ತಲೆಯೂ ನರೆತಿದೆ. ಅವರ ನಡುವೆ ಇದಕ್ಕಿಂತ ಹೆಚ್ಚಿನ ಮಾತು ನಡೆದದ್ದಿಲ್ಲ. ಭುವನೇಶ್ವರಿಗೆ ಚಿಕ್ಕಂದಿನಿಂದ ಗೊತ್ತಿತ್ತು, ಬಾಯಿಬಿಟ್ಟು ಆಡಿರಲಿಲ್ಲ.

"ಇದೆ ಸರ್!" ಎಂದು ಕೂಗಿದಳು. "ಸೀರೆ ಒಯ್ಯೋ ವ್ಯಾಪಾರಿ ಇನ್ನೊಮ್ಮೆ ಬರಲಿ ಅಂತ, ಪ್ರತಿ ಸೀರೆಯಲ್ಲೂ ಬೇಕಂತಲೇ ಒಂದು ಮೊಳ ಉಳಿಸೋ ನೇಕಾರ ಹೆಂಗಸು! ಆತ ಸಾಬರವನು, ಈಕೆ ಮದುವೆನೇ ಆಗಲಿಲ್ಲ!"

"ಭಲೇ! ಇದಕ್ಕೆ ಜನ ಮುಗಿಬೀಳ್ತಾರೆ. ಕೊನೆಗೆ ಏನಾಗುತ್ತೆ?"

"ಏನೂ ಆಗೋದಿಲ್ಲ ಸರ್."

"ಏನಾದರೂ ಆಗಲೇಬೇಕು ಮೇಡಂ. ಯೋಚಿಸಿಡಿ, ಸಂಜೆ ಫೋನ್ ಮಾಡ್ತೀನಿ."

ಫೋನು ಇಟ್ಟ ಮೇಲೆ ಮನೆ ಇಷ್ಟು ನಿಶ್ಶಬ್ದ ಯಾಕೆ ಎನ್ನಿಸಿತು. ಮಗ್ಗ ನಿಂತಿತ್ತು. ಅವಳಿಗೆ ಫೋನಿನ ಮಾತು ನೆಟ್ಟಗೆ ಕೇಳಿಸಲಿ ಎಂದು ಅತ್ತೆ ಯಾವಾಗಲೋ ಲಾಳಿ ಕೈಬಿಟ್ಟು ಕೂತಿದ್ದಳು. ಇವಳು ರೂಢಿಯಂತೆ ಕೂಗುತ್ತಲೇ ಇದ್ದಳು.

"ಅತ್ತಿ, ಅದು ಬರೇ ಕಥಿ..."

"ಹೂಂನವ್ವ, ಕೇಳಿಸ್ತು" ಎಂದಳು ವೀರವ್ವ ತಲೆಯೆತ್ತದೆ. ಮಗ್ಗ ಮತ್ತೆ ಶುರುವಾಯಿತು. ಅತ್ತೆ ಊಟಕ್ಕೂ ಏಳಲಿಲ್ಲ. ಕಾದಂಬರಿ ಹಾಳಾಗಿ ಹೋಗಲಿ, ಆಡಿದ ಆ ಒಂದು ಸಾಲನ್ನು ನುಂಗಿಕೊಳ್ಳುವಂತಿದ್ದರೆ ಸಾಕಿತ್ತು ಎಂದು ಭುವನೇಶ್ವರಿಗೆ ಅಳು ಬಂತು.

ಸಂಜೆ ಗೌಸುಸಾಬ ಬಂದ. ಎಂದಿನ ಜಾಗದಲ್ಲಿ ಕೂತು, ಟೋಪಿ ತೆಗೆದು ಬೆವರು ಒರೆಸಿಕೊಂಡು ಕೇಳಿದ: "ಸೀರಿ ಆತೇನ್ರಿ ವೀರವ್ವಾರ?"

"ಆತ್ರಿ. ಒಯ್ರಿ."

ಮಡಿಸಿದ ಸೀರೆಯನ್ನು ಆಕೆ ಮುಂದೆ ಹಿಡಿದಳು. ಗೌಸುಸಾಬ ಕೈಚಾಚಲಿಲ್ಲ. "ಇಷ್ಟ ಲಗೂ? ಸೀರಿ ಹೇಳಿದ ಬೆಳವಣಕಿಯವರೇನೂ ಅವಸರ ಮಾಡಿಲ್ರಿ..."

"ಮುಂದಿನ ಸೀರಿ ನಮ್ಮ ಹುಡುಗಿ ನಿಮ್ಮ ಅಂಗಡಿಗೆ ತಂದ ಕೊಡ್ತಾಳ್ರಿ. ನೀವು ಬರೂದು ಬ್ಯಾಡ."

ಆತ ಭುವನೇಶ್ವರಿಯ ಮುಖ ನೋಡಿದ. ಅವಳು ನೆಲ ನೋಡಿದಳು. ಒಲೆಯ ಮೇಲೆ ಚಹಾ ಕುದಿಯುತ್ತಿತ್ತು. ಅದಕ್ಕೂ ಕಾಯದೆ ಆತ ಸೀರೆ ಬಗಲಲ್ಲಿ ಇಟ್ಟುಕೊಂಡು ಹೊರಟುಹೋದ.

ಅಷ್ಟರಲ್ಲಿ ಫೋನು ಹೊಡೆದುಕೊಳ್ಳತೊಡಗಿತು. ವೀರವ್ವ ಬರಿದಾದ ಮಗ್ಗದ ಮುಂದೆ ಕೂತು ಹೇಳಿದಳು:

"ತಗೊಳವ್ವ. ಕಡೀಕ ಏನಾತು ಅಂತ ಕೇಳಾಕತ್ತಾರ, ಹೇಳು."