ಸಿಹಿ ಇಳಿಯದ ಬುಟ್ಟಿ

ಮುಖಗವಸನ್ನು ಮೂಗಿನ ಮೇಲಕ್ಕೆಳೆದುಕೊಂಡು, ಸತ್ತವನ ಟೋಪಿಯನ್ನು ಹಣೆಗಿಳಿಸಿ, ದೊನಾತೊ ಓಣಿಯೊಳಗೆ ಕಾಲಿಟ್ಟ.

ಸೋಂಕಿಗೆ ಹೆದರಿ ನೇಪಲ್ಸ್ ನಗರ ಬಾಗಿಲು ಹಾಕಿಕೊಂಡು ಕೂತಿತ್ತು. ಹಗ್ಗಗಳ ಮೇಲೆ ಬಟ್ಟೆಗಳಿದ್ದವು, ಅವುಗಳ ಕೆಳಗೆ ಮಕ್ಕಳಿರಲಿಲ್ಲ. ತರಕಾರಿ ಲಾರಿಗಳನ್ನು ಮಾತ್ರ ಊರೊಳಗೆ ಬಿಡುತ್ತಿದ್ದರು. ದೊನಾತೊ ವಾರಕ್ಕೊಮ್ಮೆ ಮಾರುಕಟ್ಟೆಯಲ್ಲಿ ಸರಕು ಇಳಿಸಿ, ಇಷ್ಟು ದೂರ ನಡೆದು ಬರುತ್ತಿದ್ದ.

ಮೀನಿನಂಗಡಿಯ ಅರೆತೆರೆದ ಬಾಗಿಲಿನಿಂದ ಅನಿಯೆಲ್ಲೊ ಇಣುಕಿದ.

"ಬಂದ್ಯಾ ಸವೇರಿಯೊ? ಉತ್ತರದ ಚಳಿ ನಿನ್ನ ಹಿಂಡಿಬಿಟ್ಟಿದೆಯಲ್ಲೋ. ಪ್ಯಾಂಟಾದ್ರೂ ನಿಲ್ಲುತ್ತಾ ಸೊಂಟದ ಮೇಲೆ?"

"ನಿಲ್ಲುತ್ತೆ ದೊನ್ ಅನಿಯೆಲ್ಲೊ."

"ಕೆಳಗಿಂದಾನೇ ಮಾತಾಡ್ಸು. ಮೆಟ್ಟಿಲು ಹತ್ತಿದ್ಯೋ, ಪೊಲೀಸ್ರನ್ನ ನಾನೇ ಕರೀತೀನಿ. ನೆನಪಿರ್ಲಿ."

ಸವೇರಿಯೊ ಉತ್ತರದ ಒಂದು ಊರಿನ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದ. ಅವನೂ ದೊನಾತೊನೂ ಒಂದೇ ಲಾರಿಯ ಚಾಲಕರು. ಒಂದೇ ರೊಟ್ಟಿ ಮುರಿದು ತಿಂದವರು. ಉಸಿರಿನ ಕೊಳವೆ ಹಾಕುವ ಮುಂಚೆ ಅವನು ಫೋನಿನಲ್ಲಿ ಏದುಸಿರು ಬಿಡುತ್ತಲೇ ಹೇಳಿದ್ದ: "ಅಮ್ಮಂಗೆ ಈಗ್ಲೇ ಹೇಳ್ಬೇಡ ಕಣೋ. ಒಬ್ಳೇ ಇದಾಳೆ, ಎದೆ ಒಡ್ಕೊಂಡು ಬಿಡ್ತಾಳೆ. ಬಾಗಿಲು ತೆಗೆಯೋ ಕಾಲ ಬರ್ಲಿ. ಪಕ್ಕದಲ್ಲಿ ಕೂತು ಹೇಳು. ಅಲ್ಲೀವರ್ಗೂ ನೀನೇ ನಾನು."

ಓಣಿಯ ಮೂಲೆಯಲ್ಲಿ ಮಾತೆ ಮರಿಯಳ ಗೂಡು. ಊರಿಗೆ ಊರೇ ಕತ್ತಲಾದರೂ ಆ ದೀಪಕ್ಕೆ ಯಾರೋ ಎಣ್ಣೆ ಹಾಕುತ್ತಿದ್ದರು. ದೊನಾತೊ ಶಿಲುಬೆಯ ಗುರುತು ಮಾಡಿಕೊಂಡ. ತಾಯೀ, ಈ ಸುಳ್ಳಿನ ಪಾಪ ನನಗಿರಲಿ, ಸತ್ತವನಿಗೆ ಅಂಟದಿರಲಿ.

"ಅಮ್ಮಾ!"

ನಾಲ್ಕನೆಯ ಮಹಡಿಯ ಕಿಟಕಿ ಅರ್ಧ ತೆರೆಯಿತು. ಕರಿಯ ಶಾಲು, ಒಂದು ಕೈ. ಹಗ್ಗಕ್ಕೆ ಕಟ್ಟಿದ ಬುಟ್ಟಿ ತೂಗಾಡುತ್ತ ಇಳಿಯಿತು.

"ಉಂಡ್ಯಾ ಮಗಾ?"

"ಹೂಂ ಅಮ್ಮ. ನಿನ್ನ ಗಂಟಲು ಇನ್ನೂ ಸರಿಹೋಗಿಲ್ವಲ್ಲ."

"ನಿನ್ನ ದನೀನೂ ಬೇರೆ ಆಗಿದೆ."

ಅವನು ಟೋಪಿಯನ್ನು ಇನ್ನಷ್ಟು ಕೆಳಗೆಳೆದುಕೊಂಡ. "ಮುಖಗವಸು, ಅಮ್ಮ."

"ಹೌದೌದು. ಈಗ ಯಾರ ದನಿ ಯಾರಿಗೆ ತಿಳೀತದೆ, ಬಿಡು."

ಎದುರುಮನೆಯ ತಿತೀನಾಳನ್ನು ವಿಚಾರಿಸಲು ಮರೆಯಬೇಡ ಎಂದಿದ್ದ ಸವೇರಿಯೊ. ಅವನನ್ನು ಎತ್ತಿ ಆಡಿಸಿದವಳಂತೆ.

"ತಿತೀನಾ ಹೇಗಿದಾಳಮ್ಮ? ಕಾಣೋದೇ ಇಲ್ಲ."

"ಅವಳಿಗೇನು? ಹಗಲೂ ರಾತ್ರಿ ಈ ಮನೇಲೇ ಬಿದ್ದಿರ್ತಾಳೆ." ಶಾಲು ಕಿಟಕಿಯಿಂದ ಸ್ವಲ್ಪ ಹಿಂದೆ ಸರಿಯಿತು. "ಅವಳ ಮೇಲೆ ಯಾವತ್ತೂ ಸಿಟ್ಟು ಮಾಡ್ಕೋಬೇಡ, ಮಗಾ."

"ನಾನ್ಯಾಕೆ ಸಿಟ್ಟಾಗ್ಲಿ?"

ಹಗ್ಗ ಸಡಿಲಾಗಿ ಬುಟ್ಟಿ ನೆಲ ಮುಟ್ಟಿತು. ಬುಟ್ಟಿಯಲ್ಲಿ ಬಿಸಿ ಕೋಳಿಸಾರು, ರೊಟ್ಟಿ, ಸೀಸೆಯಲ್ಲಿ ಕಾಫಿ. ಅವನ್ನು ಎತ್ತಿಕೊಂಡು ಕಿತ್ತಳೆ, ಮಾತ್ರೆಗಳನ್ನಿಟ್ಟ. ಬುಟ್ಟಿ ಮೇಲಕ್ಕೇರಿತು. ಹೆತ್ತವಳನ್ನು ಇಷ್ಟು ಸುಲಭವಾಗಿ ವಂಚಿಸಬಹುದೇ ಎಂದು ಅವನಿಗೆ ನಾಚಿಕೆಯಾಯಿತು.

ಈಸ್ಟರ್ ಬಂತು. ಆ ಹಬ್ಬಕ್ಕೆ ತನ್ನಮ್ಮ ಮಾಡುವ ಪಸ್ತಿಯೆರಾದ ಬಗ್ಗೆ, ಆ ಗೋಧಿಯ ಸಿಹಿಯ ಬಗ್ಗೆ, ಸವೇರಿಯೊ ದಾರಿಯುದ್ದಕ್ಕೂ ಕೊಚ್ಚಿಕೊಳ್ಳುತ್ತಿದ್ದ. ಬುಟ್ಟಿಯಲ್ಲಿ ಮತ್ತೆ ಸಾರು, ರೊಟ್ಟಿ, ಕಾಫಿ.

"ಅಮ್ಮಾ, ಈ ಸಲ ಪಸ್ತಿಯೆರಾ ಇಲ್ವಾ?"

ಮೇಲಿನ ಕೈ ಶಾಲನ್ನು ಮುಂದಕ್ಕೆಳೆದುಕೊಂಡಿತು.

"ಚರ್ಚಿನ ಬಾಗಿಲೇ ತೆಗೆದಿಲ್ಲ. ಸಿಹಿ ಹೇಗೆ ಮಾಡ್ಲಿ ಮಗಾ?"

ಲಾರಿಗೆ ಮರಳಿ ಸಾರಿನ ಮುಚ್ಚಳ ತೆರೆದವನೇ ದೊನಾತೊ ಗಳಗಳನೆ ಅತ್ತುಬಿಟ್ಟ. ಸಾವಾದ ಮನೆಯಲ್ಲಿ ಸಿಹಿ ಮಾಡುವುದಿಲ್ಲ. ಒಲೆಯನ್ನೂ ಹಚ್ಚುವುದಿಲ್ಲ, ನೆರೆಯವರೇ ಸಾರು, ರೊಟ್ಟಿ, ಕಾಫಿ ತಂದು ದುಃಖದಲ್ಲಿರುವವರಿಗೆ ಉಣಿಸಬೇಕು. ಅಜ್ಜಂದಿರ ಕಾಲದ ಕಟ್ಟಳೆ ಅದು. ಮಗ ಹೋದದ್ದು ಆ ತಾಯಿಗೆ ಗೊತ್ತಿಲ್ಲ. ಆದರೂ ಹೆತ್ತ ಕರುಳು ತನಗರಿವಿಲ್ಲದೆ ಸೂತಕ ಹಿಡಿದಿದೆ. ದೇವರು ಕಿವಿಗೆ ಮುಟ್ಟಿಸದ ಸುದ್ದಿಯನ್ನು ಕೈಗೆ ಮುಟ್ಟಿಸಿಬಿಡುತ್ತಾನಲ್ಲ ಎಂದುಕೊಂಡ.

ಮೇ ತಿಂಗಳಲ್ಲಿ ಸರ್ಕಾರದ ಮಾತು ಹೊರಬಿತ್ತು: ಬಂಧುಗಳು ಬಂಧುಗಳ ಮನೆಗೆ ಹೋಗಬಹುದು.

ಇನ್ನು ನೆಪವಿರಲಿಲ್ಲ. ದೊನಾತೊ ಗಡ್ಡ ಬೋಳಿಸಿ, ಶುಭ್ರ ಅಂಗಿ ತೊಟ್ಟು ಓಣಿಗೆ ಬಂದ. ಈ ಸಲ ಕೆಳಗೆ ನಿಂತು ಕೂಗಲಿಲ್ಲ. ಅನಿಯೆಲ್ಲೊ ತಡೆಯಲಿಲ್ಲ, ತಮಾಷೆಯನ್ನೂ ಮಾಡಲಿಲ್ಲ. ಎದ್ದು ನಿಂತು, ಟೋಪಿ ತೆಗೆದು ಎದೆಗೊತ್ತಿಕೊಂಡ.

"ಹೋಗು ಮಗಾ. ಎಷ್ಟು ದಿನ ಅಂತ ಮುಂದೂಡೋಕಾಗುತ್ತೆ?"

ಇವನಿಗೆ ನನ್ನ ಗುಟ್ಟು ಗೊತ್ತಾಗಿದೆ ಎಂದುಕೊಂಡು ದೊನಾತೊ ತಲೆ ತಗ್ಗಿಸಿದ. ಮೆಟ್ಟಿಲು ಮೆಟ್ಟಿಲಿಗೂ ಮಾತುಗಳನ್ನು ಜೋಡಿಸಿಕೊಂಡ. ಮೊದಲು ಕೈ ಹಿಡಿಯಬೇಕು. ಆಮೇಲೆ ಮುಖಗವಸು ತೆಗೆಯಬೇಕು. ಕೊನೆಯದಾಗಿ ಬಾಯಿ ತೆರೆಯಬೇಕು.

ಬಾಗಿಲು ತೆರೆದೇ ಇತ್ತು. ಕೋಣೆಯ ಮಬ್ಬಿನಿಂದ ಕರಿಯ ಶಾಲಿನ ಹೆಂಗಸು ಓಡಿಬಂದು, ಅವನು ಕೈ ಚಾಚುವ ಮುಂಚೆಯೇ ಕುಸಿದು, ಅವನ ಪಾದಗಳನ್ನು ತಬ್ಬಿಕೊಂಡಳು.

"ಅಮ್ಮಾ, ಏಳಮ್ಮ. ನಾನು ನಿನಗೊಂದು ಮಾತು..."

ಅವಳು ತಲೆಯೆತ್ತಲಿಲ್ಲ.

"ನಾನು ತಿತೀನಾ ಕಣಪ್ಪಾ. ನಿಮ್ಮಮ್ಮ ಮಾರ್ಚ್‌ನಲ್ಲೇ ಹೋಗ್ಬಿಟ್ಲು. ಮಗ ದಾರೀಲಿ ಒಂಟಿಯಾಗಿರ್ತಾನೆ, ಅವನು ಮನೆಯೊಳಕ್ಕೆ ಬರೋವರ್ಗೂ ನೀನೇ ನಾನಾಗಿರು ಅಂತ ಆಣೆ ಹಾಕಿಸ್ಕೊಂಡ್ಲು... ನನ್ನ ಕ್ಷಮಿಸ್ಬಿಡು, ಸವೇರಿಯೊ!"