ಪೋಸ್ಟರ್ ತಿಂದ ಕತ್ತೆ

ಬೆಳಗಿನ ಆರು ಗಂಟೆಗೆ ಮಾಲತೇಶ್ ಕಳ್ಳನ ರಟ್ಟೆ ಹಿಡಿದೇಬಿಟ್ಟ. ಕಳ್ಳನಿಗೆ ಎಪ್ಪತ್ತು ದಾಟಿತ್ತು. ಹಣೆ ತುಂಬ ವಿಭೂತಿ, ಒಂದು ಕೈಯಲ್ಲಿ ನೀರಿನ ತಂಬಿಗೆ, ಇನ್ನೊಂದರಲ್ಲಿ ಆಗಷ್ಟೇ ಪೋಸ್ಟರಿನಿಂದ ಕಿತ್ತ ಹಸಿ ಚೂರು. ಆ ರಸ್ತೆಯಲ್ಲಿ ಇನ್ನೂ ಎರಡು ಪೋಸ್ಟರು ಬಾಕಿ ಇದ್ದವು.

1998ರ ಹರಿಹರ. ದ್ರಾಕ್ಷಾಯಣಿ ಟಾಕೀಸಿಗೆ ಮಾಲತೇಶ್ ಮ್ಯಾನೇಜರನಾಗಿ ಹಾವೇರಿಯಿಂದ ಬಂದು ಮೂರು ತಿಂಗಳಾಗಿತ್ತು. ಹಳೇ ಕಟ್ಟಡ, ಯಾರೋ ಅಕ್ಕಿ ಮಿಲ್ಲಿನವರು ಕಟ್ಟಿಸಿದ್ದಂತೆ, ಆಮೇಲೆ ಮೂರು ಕೈ ಬದಲಾಗಿತ್ತು. ಒಂದು ಕಾಲಕ್ಕೆ ಮಲೆಬೆನ್ನೂರಿನ ಹೆಂಗಸರು ಟ್ರ್ಯಾಕ್ಟರ್ ತುಂಬ ಬರುತ್ತಿದ್ದರು. ಮನೆಮನೆಗೆ ಕೇಬಲ್ ಬಂತು, ಹೆಂಗಸರ ಗೇಟಿಗೆ ಬೀಗ ಬಿತ್ತು. ಈಗ ಬರೀ ‘ವಯಸ್ಕರಿಗೆ ಮಾತ್ರ’. ಗಂಡಸರು ಮುಖಕ್ಕೆ ಟವೆಲ್ ಸುತ್ತಿಕೊಂಡು ಒಳಗೆ ನುಗ್ಗುತ್ತಿದ್ದರು.

ಅದಕ್ಕೂ ಈಗ ಕಲ್ಲು ಬಿದ್ದಿತ್ತು. ದೇವಸ್ಥಾನದ ರಸ್ತೆಯ ಪೋಸ್ಟರುಗಳಲ್ಲಿ ಪ್ರತಿ ವಾರ ಟಾಕೀಸಿನ ಹೆಸರಿದ್ದ ಕೆಳಗಿನ ಪಟ್ಟಿಯೇ ಮಾಯ.

“ಕತ್ತೆ ತಿಂದಿರಬೇಕು ಸಾರ್,” ಎಂದಿದ್ದ ಪೋಸ್ಟರ್ ಅಂಟಿಸುವ ರೇವಣ್ಣ.

“ಅಂಥಾ ಹೀರೋಯಿನ್ ಬಿಟ್ಟು ಬರೀ ಹೆಸರು ತಿನ್ನೋ ಕತ್ತೆ ಐತೇನಲೇ?”

ರೇವಣ್ಣ ನೆಲ ನೋಡಿದ್ದ. “ಗುತ್ತೂರಾಗೆ, ಮಲೆಬೆನ್ನೂರಾಗೆ ಎಲ್ಲಾ ನೆಟ್ಟಗವೆ ಸಾರ್. ಇದೊಂದು ರಸ್ತೆ ಬಿಟ್ಬಿಡ್ರಿ.”

ಬಿಡುವ ಹಾಗಿರಲಿಲ್ಲ. ಇದು ದಾವಣಗೆರೆಯ ಯಾವುದೋ ಥೇಟರಿನವರ ಕೈವಾಡವೆಂದು ಮಾಲತೇಶನಿಗೆ ಖಾತ್ರಿಯಾಗಿತ್ತು. ಕಳ್ಳ ಸಿಗದಿದ್ದರೆ ಗಂಟುಮೂಟೆ ಕಟ್ಟು ಎಂದು ಮಾಲೀಕರು ಫೋನಿನಲ್ಲೇ ಹೇಳಿದ್ದರು.

“ಯಾರು ಕಳಿಸಿದ್ರು ಅಜ್ಜಾರೆ? ಈ ವಯಸ್ಸಿನಾಗ ನಾಚಿಕೆ ಆಗಲ್ಲೇನು?”

“ಆಗ್ತೈತಪ್ಪಾ,” ಎಂದ ಮುದುಕ, ತಲೆ ಎತ್ತದೆ. “ಸ್ಟೇಷನ್ನಿಗೆ ಬೇಕಾದ್ರೆ ಬರ್ತೀನಿ. ಮನಿಗೆ ಮಾತ್ರ ಬ್ಯಾಡ.”

ಹಾಗೆಂದಿದ್ದೇ ತಡ, ಮಾಲತೇಶ್ ಮನೆಗೇ ಎಳೆದ. ಹೆಂಡತಿಯ ಎದುರು ಮಾನ ಹೋದರೆ ಮುದುಕ ತಾನಾಗಿ ಬಾಯಿ ಬಿಡುತ್ತಾನೆ.

ಹಾಲು ಮಾರುವ ದುರುಗವ್ವ ದಾರಿಯಲ್ಲೇ ತಡೆದಳು. “ಉಜ್ಜನಪ್ಪಾರನ್ನ ಹಿಂಗ ಎಳಕೊಂಡು ಹೊಂಟೀಯಲ್ಲ, ನಿನ್ನ ಕೈ ಬಿದ್ದು ಹೋಗ!”

ಬಾಗಿಲಲ್ಲಿ ಒಬ್ಬ ಮುದುಕಿ ಹೂವಿನ ಬುಟ್ಟಿ ಹಿಡಿದು ನಿಂತಿದ್ದಳು.

“ಬರ್ರಿ, ಕೂಡ್ರಿ. ಇವರ ಪರಿಚಯದೋರೇನು? ಸೋಮವಾರ, ಪೂಜೆಗೆ ಹೊಂಟಿದ್ದೆ. ದಾರಿಯಾಗೆ ನಾಯಿ ಕಾಟ ಅಂತ ಇವರು ಮೊದಲು ಹೋಗಿ ಓಡಿಸಿ ಬರ್ತಾರೆ. ‘ಈಗ ಬಾ’ ಅಂದ ಮ್ಯಾಲೇ ನಾನು ಹೊರಡೋದು.” ಅವಳು ನಕ್ಕಳು. “ಇಷ್ಟು ದಿನದಾಗೆ ಒಂದು ನಾಯೀನೂ ಕಾಣಲಿಲ್ಲ ನೋಡಪ್ಪ.”

ಕಿತ್ತುಕೊಂಡಿದ್ದ ಚೂರು ತೋರಿಸಲು ಮಾಲತೇಶ್ ತನ್ನ ಮುಷ್ಟಿ ಬಿಚ್ಚಲು ಹೋದ. ಉಜ್ಜನಪ್ಪ ಕಣ್ಣು ಮುಚ್ಚಿಕೊಂಡರು.

ಗೋಡೆಯ ಮೇಲೊಂದು ಮಾಸಿದ ಫೋಟೋ. ಕಮಾನು ಬಾಗಿಲಿಗೆ ಕಟ್ಟಿದ ರಿಬ್ಬನ್ ಕತ್ತರಿಸುತ್ತಿರುವ ಹರೆಯದ ಹೆಣ್ಣು, ಪಕ್ಕದಲ್ಲಿ ರುಮಾಲು ಸುತ್ತಿದ ಗಂಡ. ಆ ಕಮಾನನ್ನು ಮಾಲತೇಶ್ ದಿನಾ ಹಾದುಹೋಗುತ್ತಿದ್ದ.

ಹೊರಗಿನಿಂದ ಯಾರೋ ಕೂಗಿದರು. “ದ್ರಾಕ್ಷಾಯಣಮ್ಮಾರೆ, ಹೊತ್ತಾತು, ಬರ್ತೀರೇನ್ರಿ?”

ಮಾಲತೇಶ್ ಆ ಹಸಿ ಚೂರನ್ನು ಮೆಲ್ಲಗೆ ಜೇಬಿಗೆ ಸೇರಿಸಿ, ಉಜ್ಜನಪ್ಪನವರ ಕೈಯಿಂದ ತಂಬಿಗೆ ತೆಗೆದುಕೊಂಡ.

“ಒಂದು ಗಳಿಗೆ ತಡೀರಿ ಅಮ್ಮಾರೆ,” ಎಂದ, ಅವಳ ಮುಖ ನೋಡಲಾಗದೆ. “ದಾರಿಯಾಗ ಇನ್ನೂ ಎರಡು ನಾಯಿ ಅದಾವ. ಓಡಿಸಿ ಬರ್ತೀನಿ.”