ಮೊಳೆ ಕಚ್ಚಿದ ಬಾಯಿ

“ದಾಕ್ಷಿನ ಮನೆಗೆ ಕರೀಲಾ?”

ಕೊಳ್ಳೇಗಾಲದ ಹಾರ್ಡ್‌ವೇರ್ ಅಂಗಡಿಯಲ್ಲಿ ಬಡಗಿ ಸಣ್ಣಾಚಾರಿ ಬ್ಯಾಟರಿಯ ನೇಲ್ ಗನ್ ಹಿಡಿದು ಹಲಗೆಗೆ ಮೊದಲ ಮೊಳೆ ಹೊಡೆದದ್ದೇ ತಡ, ಹೆಂಡತಿ ಕಾಳಮ್ಮ ಕೇಳಿಬಿಟ್ಟಳು. ಟಪ್ಪೆಂದು ಒಂದೇ ಸದ್ದು, ಆಮೇಲೆ ಏನೂ ಇಲ್ಲ. ಅವನ ಕೈ ತಾನಾಗಿಯೇ ಅಂಗಿಯ ಜೇಬಿಗೆ ಹೋಯಿತು. ಅಲ್ಲಿ ಮೊಳೆ ಇರಲಿಲ್ಲ.

ಮಗಳು ದಾಕ್ಷಿ ತಾನು ಮೆಚ್ಚಿದವನನ್ನು ಕಟ್ಟಿಕೊಂಡು ಹನೂರು ಸೇರಿದಾಗಿನಿಂದ ಕಾಳಮ್ಮನದು ಇದೊಂದೇ ಪ್ರಶ್ನೆ. ಕೇಳಿದಾಗಲೆಲ್ಲ ಅವನು ತುಟಿಗಳ ನಡುವೆ ಮೊಳೆ ಕಚ್ಚಿಕೊಂಡು, ಸುತ್ತಿಗೆ ಬಡಿಯುತ್ತ ‘ಊಂ’ ಅನ್ನುತ್ತಿದ್ದ. ಅದು ಹೌದೋ ಅಲ್ಲವೋ ಅವಳಿಗೆ ತಿಳಿಯುತ್ತಿರಲಿಲ್ಲ. ಈಗ ಮನೆಯ ಹಾಲಿಗೆ ಅಡ್ಡ ಹಲಗೆ ಹೊಡೆದು ಒಂದು ರೂಮು ಮಾಡಬೇಕು, ಭುಜ ಸುತ್ತಿಗೆ ಎತ್ತಲೊಲ್ಲದು. ಅದಕ್ಕೇ ಈ ಗನ್ನು.

“ಅದ ತೋರ್ಸಿ ಸಾ,” ಎಂದು ಗಾಳಿ ಪೈಪಿನ ಗನ್ನಿನತ್ತ ಕೈಮಾಡಿದ. ಅಂಗಡಿಯವರು ಕಂಪ್ರೆಸರ್ ಹಾಕಿದರು. ದಡದಡ ಸದ್ದಿಗೆ ಗಾಜಿನ ಬಾಗಿಲೇ ನಡುಗಿತು. ಕಾಳಮ್ಮನ ತುಟಿ ಆಡುತ್ತಿತ್ತು, ಮಾತು ಮಾತ್ರ ಕೇಳಲಿಲ್ಲ. ಸಣ್ಣಾಚಾರಿಗೆ ಹಾಯೆನಿಸಿತು. ಇದೇ ಇರಲಿ ಅನ್ನಲು ಬಾಯಿ ತೆರೆಯುವಷ್ಟರಲ್ಲಿ ಅವಳತ್ತ ಕಣ್ಣು ಹೋಯಿತು. ಅವಳು ಮಾತು ನಿಲ್ಲಿಸಿದ್ದಳು. ಸೆರಗಿನ ತುದಿಯನ್ನು, ಥೇಟ್ ಅವನು ಮೊಳೆ ಕಚ್ಚುವ ಹಾಗೆ, ತುಟಿಗಳ ನಡುವೆ ಕಚ್ಚಿ ನಿಂತಿದ್ದಳು.

“ಆಫ್ ಮಾಡಿ ಸಾ. ಆ ಬ್ಯಾಟ್ರೀದೇ ಕೊಡಿ,” ಅಂದ. ಸದ್ದು ಪೂರ್ತಿ ನಿಲ್ಲುವವರೆಗೆ ಕಾದ. ಆಮೇಲೆ ಅವಳ ಮುಖ ನೋಡದೆಯೇ ಅಂದ:

“ಅಳಿಯಂಗೂ ಬರೋಕೇಳು.”